ಕಲ್ಲು ಕಂಡವರಿಗೆ ಕೇರಿ ಕಾಣಲಿಲ್ಲ

ಊರು ನೋಡಲು ಬಂದವರು ಊರಿನ ಬಗ್ಗೆ ಬರೆಯುತ್ತಾರೆ. ಬರೆದದ್ದನ್ನು ಓದಿ ಇನ್ನಷ್ಟು ಮಂದಿ ಬರುತ್ತಾರೆ. ಅವರೂ ಬರೆಯುತ್ತಾರೆ. ಹೀಗೆ ಬರೆದೂ ಬರೆದೂ ಕಾಗದದ ಮೇಲೆ ಒಂದು ಊರು ಎದ್ದು ನಿಲ್ಲುತ್ತದೆ. ಆಮೇಲೆ ಆ ಕಾಗದದ ಊರಿಗೆ ಸರಿಹೊಂದುವ ಹಾಗೆ ನೆಲದ ಮೇಲಿನ ಊರನ್ನು ಕತ್ತರಿಸುವ ಕೆಲಸ ಶುರುವಾಗುತ್ತದೆ. ಕತ್ತರಿಸುವಾಗ ಮೊದಲು ಕೆಳಗೆ ಬೀಳುವ ಚೂರು ಯಾವುದು ಅಂತ ನಮ್ಮಂಥವರನ್ನು ಕೇಳಬೇಕು.

ನಾವು ಹೊಸಪೇಟೆ ಸೀಮೆಯವರು. ಹಂಪಿ ನಮಗೆ ಸೈಕಲ್ ತುಳಿಯುವಷ್ಟು ದೂರ. ನಮ್ಮ ತಾತಂದಿರು ಬಾಳೆತೋಟದಲ್ಲಿ, ಕಬ್ಬಿನ ಗದ್ದೆಯಲ್ಲಿ ಕೂಲಿ ಮಾಡಿದವರು. ನಮ್ಮ ಅವ್ವಂದಿರು ಉತ್ಖನನದ ಗುಂಡಿಗಳಿಂದ ಬುಟ್ಟಿಯಲ್ಲಿ ಮಣ್ಣು ಹೊತ್ತವರು, ಕಲ್ಲಿನ ಸಂದಿಯ ಹುಲ್ಲು ಕಿತ್ತವರು. ಮಣ್ಣಿನಡಿಯ ಬುನಾದಿ ಮೊದಲು ತಾಗಿದ್ದು ಅಂಥವರ ಗುದ್ದಲಿಗೆ. ಆ ಬುನಾದಿಯ ಚಿತ್ರ ಪುಸ್ತಕದಲ್ಲಿ ಬಂತು. ಬುಟ್ಟಿ ಹೊತ್ತವರ ಚಿತ್ರ ಬರಲಿಲ್ಲ. ನಮ್ಮ ನಮ್ಮ ಮನೆಗಳಲ್ಲಿ ಡಿಗ್ರಿ ಮುಗಿಸಿದ ಮೊದಲ ತಲೆಗಳು ನಾವು. ಅಕ್ಷರ ಕೈಗೆ ಹತ್ತಿದ ಮೇಲೆ ನಮ್ಮ ಸೀಮೆಯ ಬಗ್ಗೆ ಬಂದುಹೋದವರು ಏನೇನು ಬರೆದಿದ್ದಾರೆ ಅಂತ ಲೈಬ್ರರಿಯ ಧೂಳಲ್ಲಿ ಕೂತು ಓದಿದೆವು. ಪದ್ಯದಲ್ಲಿ ಹೇಳಿ ಮುಗಿಯುವ ಸಂಗತಿ ಇದಲ್ಲ ಅನ್ನಿಸಿ ಗದ್ಯಕ್ಕೆ ಕೈ ಹಾಕಿದ್ದೇವೆ.

*

1443ರಲ್ಲಿ ತೈಮೂರನ ಮಗ ಶಾರುಖನ ರಾಯಭಾರಿಯಾಗಿ ಅಬ್ದುಲ್ ರಜಾಕ್ ವಿಜಯನಗರಕ್ಕೆ ಬಂದ. ಅದಾಗಿ ಸುಮಾರು ಎಂಬತ್ತು ವರ್ಷದ ಮೇಲೆ, ಕೃಷ್ಣದೇವರಾಯನ ಕಾಲದಲ್ಲಿ, ಪೋರ್ಚುಗೀಸರ ಡೊಮಿಂಗೊ ಪಾಯೆಸ್ ಬಂದ. ಅಚ್ಯುತರಾಯನ ಕಾಲದಲ್ಲಿ ಕುದುರೆ ವ್ಯಾಪಾರದ ಫರ್ನಾವೊ ನೂನಿಜ್ ಬಂದ. ಪಾಯೆಸ್ ಮತ್ತು ನೂನಿಜ್ ಬರೆದಿಟ್ಟದ್ದನ್ನು ರಾಬರ್ಟ್ ಸಿವೆಲ್ ಅನ್ನುವ ಬ್ರಿಟಿಷ್ ಅಧಿಕಾರಿ ಇಂಗ್ಲಿಷಿಗೆ ತಂದು 1900ರಲ್ಲಿ ತನ್ನ ಪುಸ್ತಕದಲ್ಲಿ ಅಚ್ಚು ಹಾಕಿಸಿದ. ಆ ಪುಸ್ತಕಕ್ಕೆ 'ಎ ಫರ್ಗಾಟನ್ ಎಂಪೈರ್', ಅಂದ್ರೆ ಮರೆತುಹೋದ ಸಾಮ್ರಾಜ್ಯ ಅಂತ ಹೆಸರು. ಇವತ್ತು ಹಂಪಿಯ ಬಗ್ಗೆ ಯಾರು ಏನು ಬರೆದರೂ ಆ ಪುಸ್ತಕದ ನೀರು ಕುಡಿಯದೆ ಬರೆಯುವುದಿಲ್ಲ.

ಪಾಯೆಸ್ ಬಜಾರಿನಲ್ಲಿ ಮಾಣಿಕ್ಯ, ವಜ್ರ, ಮುತ್ತು ಮಾರುವುದನ್ನು ಕಂಡು ಬರೆದ. ಅದು ಒಬ್ಬರ ಬಾಯಿಂದ ಇನ್ನೊಬ್ಬರ ಬಾಯಿಗೆ ಬಂದು, ಬೀದಿಯಲ್ಲಿ ಬಳ್ಳದಿಂದ ಅಳೆದು ಮಾರುತ್ತಿದ್ದರು ಅಂತ ಆಯಿತು. ಒಂದನೇ ಕ್ಲಾಸಿನ ಹುಡುಗನಿಗೂ ಇದು ಬರುತ್ತದೆ. ಆದರೆ ಅದೇ ಪಾಯೆಸ್ ಇನ್ನೊಂದು ಸಂಗತಿಯನ್ನೂ ಬರೆದಿದ್ದಾನೆ. ರಾಯ ಎರಡು ಗುಡ್ಡಗಳ ನಡುವೆ ಕೆರೆ ಕಟ್ಟಿಸುತ್ತಿದ್ದ. ಅಲ್ಲಿ ಹದಿನೈದು ಇಪ್ಪತ್ತು ಸಾವಿರ ಜನ ಇರುವೆಗಳ ಹಾಗೆ ಮುತ್ತಿಕೊಂಡು ಕೆಲಸ ಮಾಡುತ್ತಿದ್ದರು, ನೆಲವೇ ಕಾಣುತ್ತಿರಲಿಲ್ಲ. ಕೆರೆ ಎರಡು ಮೂರು ಸಲ ಒಡೆಯಿತು. ಯಾಕೆ ಒಡೀತು ಅಂತ ರಾಯ ಬ್ರಾಹ್ಮಣರನ್ನು ಕೇಳಿದ. ದೇವರಿಗೆ ಮನುಷ್ಯರ, ಕುದುರೆಗಳ, ಎಮ್ಮೆಗಳ ರಕ್ತ ಬೇಕಂತೆ ಅಂದರು. ಅರವತ್ತು ಮಂದಿಯ ತಲೆ ಕಡಿಸಿದರು. ಪಾಯೆಸ್ ಇದನ್ನು ಮುಚ್ಚಿಡಲಿಲ್ಲ. ಬಂದವ ಬಂದ ಹಾಗೆ ಬರೆದು ಹೋದ.

ಹೊಸಪೇಟೆಯ ದಕ್ಷಿಣಕ್ಕಿರುವ ರಾಯರ ಕೆರೆಯೇ ಅದು ಅಂತ ತಿಳಿದವರು ಗುರುತಿಸುತ್ತಾರೆ. ನಾವು ದನ ಕಾಯಲು ಹೋದ ಕಡೆ ಅದು. ಅಲ್ಲಿ ಅರವತ್ತು ತಲೆ ಬಿದ್ದವು ಅಂತ ಯಾವ ಮೇಷ್ಟ್ರೂ ನಮಗೆ ಹೇಳಲಿಲ್ಲ, ಯಾವ ಗೈಡೂ ಬಸ್ಸಿನವರಿಗೆ ಹೇಳುವುದಿಲ್ಲ. ಒಂದೇ ಪುಸ್ತಕದಲ್ಲಿ ರತ್ನವೂ ಇದೆ, ರಕ್ತವೂ ಇದೆ. ರತ್ನ ನಾಡೆಲ್ಲ ಓಡಾಡಿತು. ರಕ್ತ ಪುಟದಲ್ಲೇ ಒಣಗಿತು. ಹಾಗಾಗಿ ಗೆಳೆಯರೇ, ಪ್ರವಾಸಿ ಸುಳ್ಳು ಬರೆದ ಅಂತ ಬೈದು ನಮ್ಮ ಕೆಲಸ ಮುಗಿಯುವುದಿಲ್ಲ. ಅವನು ಬರೆದದ್ದರಲ್ಲಿ ಯಾವುದನ್ನು ಎತ್ತಿಕೊಳ್ಳಬೇಕು, ಯಾವುದನ್ನು ಬಿಡಬೇಕು ಅಂತ ಆರಿಸಿದವರು ಆಮೇಲೆ ಬಂದ ಓದುಗರು. ಆ ಓದುಗರು ಯಾರು, ಅವರ ಹೊಟ್ಟೆಪಾಡು ಏನು, ಅವರ ಮನೆ ಊರಿನ ಯಾವ ಬೀದಿಯಲ್ಲಿತ್ತು ಅನ್ನುವುದೇ ಮುಖ್ಯ ಪ್ರಶ್ನೆ.

ಮರೆತುಹೋದ ಸಾಮ್ರಾಜ್ಯ ಅನ್ನುವ ಮಾತನ್ನೇ ನೋಡಿ. ಯಾರು ಮರೆತಿದ್ದರು? ವಿರೂಪಾಕ್ಷನ ತೇರು ವರ್ಷವರ್ಷ ಎಳೆದವರು ಇಲ್ಲೇ ಇದ್ದರು. ಕಾಲುವೆಯ ನೀರು ತಿರುವಿ ಗದ್ದೆ ಮಾಡಿದವರು ಇಲ್ಲೇ ಇದ್ದರು. ಸತ್ತ ದನ ಹೊತ್ತವರು, ತಮಟೆ ಬಡಿದವರು ಇಲ್ಲೇ ಇದ್ದರು. ಆದರೂ ಇದಕ್ಕೆ 'ಹಾಳು ಹಂಪೆ' ಅಂತ ಹೆಸರಾಯಿತು. ಹಾಳು ಅಂದಮೇಲೆ ಅಲ್ಲಿ ಬಾಳುವವರು ಏನಾಗಬೇಕು? ಹಾಳೂರಿಗೆ ನುಗ್ಗಿದವರಾಗಬೇಕು. ಕೋರ್ಟಿನ ಕಾಗದದಲ್ಲಿ 'ಒತ್ತುವರಿ' ಅನ್ನುವ ಶಬ್ದ ಬರುವುದಕ್ಕೆ ಎಷ್ಟೋ ವರ್ಷ ಮೊದಲೇ ಸಾಹಿತ್ಯದಲ್ಲಿ ಆ ಶಬ್ದಕ್ಕೆ ಜಾಗ ಮಾಡಿಕೊಟ್ಟಿದ್ದರು.

ಕನ್ನಡದವರೂ ಇದರಿಂದ ಹೊರಗಲ್ಲ. ಆಲೂರು ವೆಂಕಟರಾಯರು ಹಂಪಿ ನೋಡಿ ಬಂದ ಮೇಲೆ ಅವರಿಗೆ ಕರ್ನಾಟಕದ ಕನಸು ಹತ್ತಿತು. 1917ರಲ್ಲಿ 'ಕರ್ನಾಟಕ ಗತವೈಭವ' ಬಂತು. ಕನ್ನಡದ ಮೊದಮೊದಲ ಪ್ರವಾಸ ಕಥನಗಳಲ್ಲಿ ಒಂದಾದ ವಿ. ಸೀತಾರಾಮಯ್ಯನವರ 'ಪಂಪಾಯಾತ್ರೆ' ಇದೇ ಹಂಪಿಯದು. ಹರಿದು ಹಂಚಿಹೋಗಿದ್ದ ಕನ್ನಡಿಗರನ್ನು ಕೂಡಿಸಲು ಆ ಕಾಲಕ್ಕೆ ಈ ಕಲ್ಲುಗಳು ಬೇಕಾದವು, ಅದನ್ನು ಅಲ್ಲಗಳೆಯುವ ಅಗತ್ಯ ನಮಗಿಲ್ಲ. ಆದರೆ ಗತವೈಭವ ಅಂದಾಗ ಒಂದು ಮಾತು ಕೇಳಲೇಬೇಕಾಗುತ್ತದೆ: ಯಾರ ವೈಭವ ಸ್ವಾಮಿ? ಆ ವೈಭವದ ಕೆರೆಗೆ ಇರುವೆಯ ಹಾಗೆ ಮಣ್ಣು ಹೊತ್ತವರ ಕುಲ ಈಗಲೂ ಮಣ್ಣೇ ಹೊರುತ್ತಿದೆಯಲ್ಲ, ಅವರ ಪಾಲಿಗೆ ಗತ ಯಾವುದು, ವರ್ತಮಾನ ಯಾವುದು?

*

ಈಚಿನ ಕತೆಗೆ ಬರೋಣ. 1981ರಲ್ಲಿ ಲೋನ್ಲಿ ಪ್ಲಾನೆಟ್‌ನವರು ಭಾರತದ ಬಗ್ಗೆ ತಮ್ಮ ಮೊದಲ ಕೈಪಿಡಿ ತಂದರು. 1986ರಲ್ಲಿ ಯುನೆಸ್ಕೋದವರು ಹಂಪಿಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದರು. ಬೆನ್ನಿಗೆ ಚೀಲ ಹಾಕಿಕೊಂಡವರು ಬರತೊಡಗಿದರು. ವಿರೂಪಾಕ್ಷ ಗುಡಿಯ ಎದುರಿನ ರಥಬೀದಿಯಲ್ಲಿ, ಸಾಲುಮಂಟಪಗಳಲ್ಲಿ ಎಷ್ಟೋ ವರ್ಷದಿಂದ ಬಡವರು ಸಂಸಾರ ಹೂಡಿದ್ದರು. ಎಲ್ಲ ಜಾತಿಯವರೂ ಇದ್ದರು ಅಲ್ಲಿ. ಹೂವು ಕಾಯಿ ಮಾರುವವರು, ಚಾದಂಗಡಿಯವರು, ಕೂಲಿಯವರು. ಬಂದವರಿಗೆ ಅವರು ಒಂದು ಕೋಣೆ ಖಾಲಿ ಮಾಡಿ ಕೊಟ್ಟರು. ದೋಸೆ ಹುಯ್ಯುತ್ತಿದ್ದ ಹೆಂಗಸು ಬಾಳೆಹಣ್ಣಿನ ಪ್ಯಾನ್‌ಕೇಕ್ ಕಲಿತಳು. ಇಸ್ರೇಲಿನ ಹುಡುಗರಿಗಾಗಿ ಹೀಬ್ರೂ ಅಕ್ಷರದ ಬೋರ್ಡುಗಳು ಬಂದವು. ಶಾಲೆ ಬಿಟ್ಟ ಹುಡುಗರು ನಾಲ್ಕು ಭಾಷೆಯಲ್ಲಿ ಚೌಕಾಸಿ ಮಾಡತೊಡಗಿದರು. ಇದೆಲ್ಲ ಕೈಪಿಡಿಯೇ ಕಟ್ಟಿದ ಬಜಾರು. ಬಜಾರಿನಲ್ಲೇ ಇರಿ, ಮನೆಯವರ ಜೊತೆ ಇರಿ, ಅಗ್ಗ ಅಂತ ಅದೇ ಹೇಳಿತ್ತು.

ಸ್ವಲ್ಪ ದಿನದಲ್ಲೇ ಇನ್ನೊಂದು ಬಗೆಯ ಬರಹ ಹುಟ್ಟಿತು. ಸ್ಮಾರಕಗಳ ನಡುವೆ ಗಲೀಜು, ಗೂಡಂಗಡಿ, ಒಗೆದ ಬಟ್ಟೆ, ಹೊಗೆ, ಫೋಟೋಕ್ಕೆ ಅಡ್ಡ. ಪ್ರವಾಸಿಗೆ ಕಲ್ಲು ಬೇಕು, ಕಲ್ಲಿನ ಕೆಳಗೆ ಕೂತು ರೊಟ್ಟಿ ಬಡಿಯುವವಳು ಬೇಡ. ಮಂಟಪಕ್ಕೆ ಸಿಮೆಂಟು ಗೋಡೆ ಎಬ್ಬಿಸಿದ್ದು, ಮೊಳೆ ಹೊಡೆದಿದ್ದು ಸುಳ್ಳಲ್ಲ. ಕಲ್ಲಿಗೆ ಪೆಟ್ಟಾಗಿತ್ತು, ಅದನ್ನು ತಡೆಯಬೇಕಾಗಿತ್ತು. ಅದನ್ನು ತಡೆಯುವುದಕ್ಕೆ ಅಲ್ಲಿದ್ದವರನ್ನು ಕೂರಿಸಿಕೊಂಡು ಮಾತಾಡುವ ದಾರಿಯೂ ಒಂದಿತ್ತು. 2011ರ ಜುಲೈ 29ರಂದು ಜೆಸಿಬಿಗಳು ಬಂದವು. ಹೈಕೋರ್ಟಿನ ಆದೇಶ ಇದೆ ಅಂದರು. ಮನೆ ಅಂಗಡಿಗಳು ಉರುಳಿದವು. ಎದ್ದವರಿಗೆ ನಾಲ್ಕು ಕಿಲೋಮೀಟರ್ ಆಚೆ ಕಡ್ಡಿರಾಂಪುರದಲ್ಲಿ ಜಾಗ ತೋರಿಸಿದರು. ಪ್ರವಾಸಿಗಳು ಬಂದು ಇಳಿಯುವ ಬೀದಿಗೂ ಆ ಬಯಲಿಗೂ ನಡುವೆ ಹೊಟ್ಟೆಪಾಡು ಎಲ್ಲಿ ಹೋಯಿತು ಅಂತ ಯಾವ ಕೈಪಿಡಿಯೂ ಹುಡುಕಲು ಹೋಗಲಿಲ್ಲ. ಆಗ ನಾವು ಸಣ್ಣ ಹುಡುಗರು. ಬಜಾರಿನ ಹುಡುಗರು ಬರ್ತಾ ಬರ್ತಾ ಶಾಲೆಗೆ ಬರುವುದು ಕಡಿಮೆಯಾಯಿತು ಅನ್ನುವುದು ಮಾತ್ರ ನಮಗೆ ಗೊತ್ತಾದ ಪರಂಪರೆ ಸಂರಕ್ಷಣೆ.

ಈಗ ಆ ಬೀದಿ ಚೊಕ್ಕಟ. ಫೋಟೋ ಚೆನ್ನಾಗಿ ಬರುತ್ತದೆ. ಐನೂರು ವರ್ಷದ ಹಿಂದೆ ಆ ಬೀದಿಯಲ್ಲಿ ಜನ ಕಿಕ್ಕಿರಿದಿದ್ದರು, ಸಂತೆ ನೆರೆದಿತ್ತು ಅಂತ ಬರೆದ ಪುಸ್ತಕವನ್ನೇ ಪ್ರಮಾಣ ಮಾಡಿಕೊಂಡವರು ಅದೇ ಬೀದಿಯ ಜನರನ್ನು, ಸಂತೆಯನ್ನು ಎತ್ತಿಸಿದರು. ಸತ್ತ ಬಜಾರಿಗೆ ಟಿಕೆಟ್ಟು, ಬದುಕಿದ ಬಜಾರಿಗೆ ಜೆಸಿಬಿ.

ಹೊಳೆಯ ಕತೆಯೂ ಹೀಗೇ. ಆನೆಗೊಂದಿಗೆ ಹರಿಗೋಲಿನಲ್ಲಿ ದಾಟಿದ್ದನ್ನು ಬರೆಯದ ಪ್ರವಾಸಿ ಇಲ್ಲ. ಸಂಜೆ ಬಿಸಿಲು, ಗುಂಡಗೆ ತಿರುಗುವ ಬುಟ್ಟಿ, ಸುತ್ತ ಬಂಡೆ. ಬಹಳ ಚಂದ. ಆದರೆ ಹೆರಿಗೆ ನೋವು ಬಂದ ಹೆಂಗಸನ್ನು ರಾತ್ರಿ ಹೊತ್ತು ಹರಿಗೋಲಿನಲ್ಲಿ ಕೂರಿಸುವಾಗ ಅದು ಚಂದವಲ್ಲ. ಅತ್ತ ಕಡೆಯವರು ಸೇತುವೆ ಬೇಕು ಅಂದಿದ್ದು ಆಸ್ಪತ್ರೆಗೆ, ಕಾಲೇಜಿಗೆ, ಸಂತೆಗೆ. ಸೇತುವೆ ಕೆಲಸ ನಡೆಯುತ್ತಿದ್ದ ಕಾರಣಕ್ಕೆ 1999ರಲ್ಲಿ ಹಂಪಿಯನ್ನು ಅಪಾಯದಲ್ಲಿರುವ ಪರಂಪರೆಯ ಪಟ್ಟಿಗೆ ಹಾಕಿದರು. 2006ರಲ್ಲಿ ಆ ಪಟ್ಟಿಯಿಂದ ತೆಗೆದರು. 2009ರ ಜನವರಿಯಲ್ಲಿ, ವರ್ಷಗಟ್ಟಲೆ ನಿಂತು ನಿಂತು ಕಟ್ಟುತ್ತಿದ್ದ ಆ ಸೇತುವೆ ಕುಸಿದು ಬಿತ್ತು. ಅದರಡಿ ಸತ್ತವರು ಕೂಲಿಕಾರರು. ಅಪಾಯದ ಪಟ್ಟಿ ಕಲ್ಲುಗಳಿಗೆ ಇತ್ತು. ಹೊಳೆ ದಾಟುವ ಮನುಷ್ಯರಿಗೆ ಅಂಥ ಪಟ್ಟಿಯನ್ನು ಯಾರು ಮಾಡಿದ್ದರು?

ಹೊಳೆಯಾಚೆಯ ವಿರೂಪಾಪುರ ಗಡ್ಡೆಯ ಹೆಸರೂ ಹೋಯಿತು. ಗಡ್ಡೆ ಅಂದ್ರೆ ನೀರು ಸುತ್ತುವರಿದ ನೆಲ, ನಮ್ಮ ಕಡೆ ಕೂಸಿಗೂ ಗೊತ್ತಿರುವ ಮಾತು. ಬರೆಯುವವರ ಕೈಯಲ್ಲಿ ಅದು 'ಹಿಪ್ಪಿ ಐಲ್ಯಾಂಡ್' ಆಯಿತು. ಅಲ್ಲಿಯ ಹುಡುಗನಿಗೆ ನಿನ್ನೂರು ಯಾವುದು ಅಂದ್ರೆ ಅವನೂ ಹಾಗೇ ಹೇಳುವ ಕಾಲ ಬಂತು. 2019ರ ಜನವರಿಯಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಆ ವರ್ಷ ನೋಡಬೇಕಾದ 52 ಜಾಗಗಳ ಪಟ್ಟಿಯಲ್ಲಿ ಹಂಪಿಗೆ ಎರಡನೇ ಸ್ಥಾನ ಕೊಟ್ಟಿತು. ಅದೇ ಹೊತ್ತಿಗೆ ಕೆಲವು ಹುಡುಗರು ಒಂದು ಗುಡಿಯ ಕಂಬ ಉರುಳಿಸಿ, ಅದನ್ನು ವಿಡಿಯೋ ಮಾಡಿದ್ದು ಹೊರಬಿತ್ತು. ಕೋರ್ಟು ತಲಾ 70,000 ರೂಪಾಯಿ ದಂಡ ಹಾಕಿ, ಅವರ ಕೈಯಿಂದಲೇ ಕಂಬ ಎತ್ತಿ ನಿಲ್ಲಿಸಿತು. ಒಳ್ಳೆಯದಾಯಿತು. 2020ರ ಫೆಬ್ರವರಿಯಲ್ಲಿ ಗಡ್ಡೆಯ ರೆಸಾರ್ಟುಗಳು ಅಕ್ರಮ ಅಂತ ಸುಪ್ರೀಂ ಕೋರ್ಟು ತೀರ್ಪು ಎತ್ತಿಹಿಡಿಯಿತು. ಮಾರ್ಚಿನಲ್ಲಿ ಅವೂ ನೆಲಸಮ. ಅದೇ ತಿಂಗಳು ಲಾಕ್‌ಡೌನ್. ರೆಸಾರ್ಟಿನ ಮಾಲೀಕನಿಗೆ ಬೇರೆ ಕಡೆ ಜಮೀನಿರಬಹುದು. ಅಲ್ಲಿ ಚಾದರ ಒಗೆಯುತ್ತಿದ್ದವಳು, ಪಾತ್ರೆ ಬೆಳಗುತ್ತಿದ್ದವಳು ಮರಳಿ ಬಾಳೆತೋಟಕ್ಕೆ ಹೋದಳು. ಹೊರಗಿನ ಒಂದು ಪುಟ ಬರಹದ ಮೇಲೆ ಊರಿನ ಕೂಲಿ ಏರುತ್ತದೆ, ಇನ್ನೊಂದು ಪುಟದ ಮೇಲೆ ಇಳಿಯುತ್ತದೆ. ಆ ಎರಡೂ ಪುಟ ಓದಲು ಬಾರದವಳು ಅದರ ಲೆಕ್ಕ ತೀರಿಸುತ್ತಾಳೆ.

ಇನ್ನೊಂದನ್ನು ಹೇಳಲು ನಾಲಿಗೆ ತಡೆಯುತ್ತದೆ, ಆದರೂ ಹೇಳಬೇಕು. ಅಚ್ಯುತರಾಯನ ಗುಡಿಯ ಮುಂದಿನ ಬೀದಿಗೆ 'ಸೂಳೆ ಬಜಾರ' ಅನ್ನುತ್ತಾರೆ. ಪ್ರವಾಸದ ಪುಸ್ತಕಗಳಲ್ಲಿ ಅದು ರಸವತ್ತಾದ ಜಾಗ. ಒಡವೆ, ಕುಣಿತ, ಸಂಪತ್ತು. ಅಲ್ಲಿ ನಿಂತು ನಗುವವರನ್ನು ನಾವು ಕಂಡಿದ್ದೇವೆ. ಕರ್ನಾಟಕದಲ್ಲಿ ದೇವದಾಸಿ ಬಿಡುವುದನ್ನು ನಿಷೇಧಿಸುವ ಕಾಯ್ದೆ ಬಂದದ್ದು 1982ರಲ್ಲಿ. ಮುತ್ತು ಕಟ್ಟಿಸಿಕೊಂಡ ಮುದುಕಿಯರು ನಮ್ಮ ಸೀಮೆಯ ಕೇರಿಗಳಲ್ಲಿ ಇನ್ನೂ ಇದ್ದಾರೆ, ಪಿಂಚಣಿಯ ಸಾಲಿನಲ್ಲಿ ನಿಂತಿದ್ದಾರೆ. ಗುಡಿಯ ಮುಂದೆ ನಗುವವನಿಗೆ ಆ ಸಾಲಿಗೂ ಈ ಬೀದಿಗೂ ಇರುವ ನಂಟು ಯಾವ ಪುಟದಲ್ಲೂ ಸಿಕ್ಕಿರುವುದಿಲ್ಲ.

*

ಊರಿಗೆ ಆದದ್ದು ಇದು. ಓದುಗನಿಗೆ ಏನಾಗುತ್ತದೆ?

ದೂರದ ಓದುಗ ಬರುವಾಗಲೇ ಚಿತ್ರ ತಂದಿರುತ್ತಾನೆ. ಇಲ್ಲಿ ಬಂದು ಅದನ್ನು ತಾಳೆ ನೋಡುತ್ತಾನೆ. ತಾಳೆಯಾದರೆ ಖುಷಿ, ಇಲ್ಲವಾದರೆ ಸಿಟ್ಟು. ತಾಳೆಯಾಗದ್ದು ಸಾಮಾನ್ಯವಾಗಿ ನಾವೇ ಆಗಿರುತ್ತೇವೆ. ಅವನಿಗಿಂತ ಹತ್ತಿರದ ಓದುಗನ ಕತೆ ನಮಗೆ ಹೆಚ್ಚು ಕಳವಳ ತರುತ್ತದೆ. ನಮ್ಮ ಕೇರಿಯ ಹುಡುಗನೊಬ್ಬ ಬಸ್ಸಿನವರಿಗೆ ಜಾಗ ತೋರಿಸುವ ಕೆಲಸ ಮಾಡುತ್ತಾನೆ. ಚುರುಕು ಹುಡುಗ. ವಿಜಯವಿಠ್ಠಲ ಗುಡಿ, ನಾದದ ಕಂಬ, ಬಳ್ಳದಿಂದ ಅಳೆದ ರತ್ನ, ಎಲ್ಲ ಒಂದೇ ಉಸಿರಿಗೆ. ಐವತ್ತರ ನೋಟು ತೆಗೆದು, ಅದರ ಬೆನ್ನ ಮೇಲಿರುವ ಕಲ್ಲಿನ ರಥ ತೋರಿಸಿ, ಇದೇ ನೋಡಿ ಅಂತಾನೆ. ನೋಟು ಮಾತ್ರ ಮತ್ತೆ ಪ್ರವಾಸಿಯ ಜೇಬಿಗೆ. ಒಂದು ದಿನ ಯಾರೋ ಕಾಲೇಜಿನವರು, ನಿಮ್ಮ ಮನಿ ಎಲ್ಲೈತಪ್ಪ, ನಿಮ್ಮ ಕಡೆ ಏನೈತಿ ಅಂತ ಕೇಳಿದರು. ಹುಡುಗ ಅಂದ: "ನಮ್ಮ ಕಡೆ ನೋಡೋಂಥದ್ದು ಏನಿಲ್ಲ ಬಿಡ್ರಿ ಸಾರ್."

ಈ ಮಾತು ಅವನ ಬಾಯಿಗೆ ಎಲ್ಲಿಂದ ಬಂತು? ಅವನ ಕೇರಿಯಲ್ಲಿ ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುವವರಿದ್ದಾರೆ. ಎಲ್ಲಮ್ಮನ ಪದ ಹೇಳುವ ಮುದುಕಿ ಇದ್ದಾಳೆ, ರಾತ್ರಿಯಿಡೀ ಹಾಡಿದರೂ ಮುಗಿಯುವುದಿಲ್ಲ. ಚರ್ಮ ಹದ ಮಾಡಿ ತಮಟೆ ಕಟ್ಟುವ ಕೈಗಳಿವೆ. ಊರ ಬಾವಿಯನ್ನು ಮುಟ್ಟಲು ನಡೆದ ಜಗಳದ ಚರಿತ್ರೆ ಇದೆ. ಆದರೂ ಏನಿಲ್ಲ ಅಂದ. ನೋಡುವಂಥದ್ದು ಯಾವುದು ಅಂತ ತೀರ್ಮಾನಿಸುವ ಹಕ್ಕು ಪುಸ್ತಕದವರ ಹತ್ತಿರ ಇದೆ ಅಂತ ಅವನು ಓದಿ ಕಲಿತಿದ್ದಾನೆ. ಪ್ರವಾಸ ಸಾಹಿತ್ಯ ಮಾಡುವ ದೊಡ್ಡ ಕೆಡುಕು ಇದು. ಕಸ ಹೆಚ್ಚಾಗುವುದು, ಬಾಡಿಗೆ ಏರುವುದು ಇದರ ಮುಂದೆ ಸಣ್ಣದು. ತನ್ನ ಕೇರಿಯನ್ನು ತಾನೇ ನಕ್ಷೆಯಿಂದ ಅಳಿಸುವ ಹುಡುಗನನ್ನು ಅದು ತಯಾರು ಮಾಡುತ್ತದೆ.

*

ಹಾಗಾದರೆ ಪ್ರವಾಸ ಬರೆಯುವುದೇ ತಪ್ಪೇ? ಅಲ್ಲ. ನಮ್ಮವರು ಬರೆದ ಪ್ರವಾಸ ಕಥನ ಒಂದಿದೆ. ಅದನ್ನು ಪ್ರವಾಸ ಸಾಹಿತ್ಯದ ಕಪಾಟಿನಲ್ಲಿ ಯಾರೂ ಇಡುವುದಿಲ್ಲ. ಬಾಬಾಸಾಹೇಬರ 'ವೇಟಿಂಗ್ ಫಾರ್ ಎ ವೀಸಾ'. 1930ರ ದಶಕದಲ್ಲಿ ಬರೆದದ್ದು, 1990ರಲ್ಲಿ ಸಣ್ಣ ಪುಸ್ತಕವಾಗಿ ಬಂತು. ಅದರ ಮೊದಲ ಭಾಗವೇ ಒಂದು ಪ್ರಯಾಣ. 1901ರಲ್ಲಿ ಚಿಕ್ಕ ಹುಡುಗ ಭೀಮರಾವ್ ಅಣ್ಣನ ಜೊತೆ ಹೊಸ ಬಟ್ಟೆ ಹಾಕಿಕೊಂಡು, ಅಪ್ಪನನ್ನು ನೋಡಲು ಮಸೂರು ಸ್ಟೇಷನ್ನಿನಲ್ಲಿ ಇಳಿದದ್ದು. ಜಾತಿ ತಿಳಿದ ಮೇಲೆ ಯಾವ ಗಾಡಿಯವನೂ ಒಪ್ಪಲಿಲ್ಲ. ಕೊನೆಗೆ ಒಬ್ಬ ದುಪ್ಪಟ್ಟು ಬಾಡಿಗೆಗೆ ಒಪ್ಪಿದ, ಗಾಡಿಯನ್ನು ನೀವೇ ಹೊಡೆದುಕೊಳ್ಳಿ, ನಾನು ಪಕ್ಕದಲ್ಲಿ ನಡೆದು ಬರುತ್ತೇನೆ ಅಂದ. ಬುತ್ತಿ ಕೈಯಲ್ಲಿತ್ತು, ಕುಡಿಯಲು ನೀರು ಸಿಗದೆ ರಾತ್ರಿ ಹಸಿದು ಮಲಗಿದರು.

ಅದೇ ಪುಸ್ತಕದಲ್ಲಿ 1934ರ ದೌಲತಾಬಾದ್ ಕೋಟೆ ಬರುತ್ತದೆ. ಚಳವಳಿಯ ಗೆಳೆಯರು ಮೂವತ್ತರಷ್ಟು ಮಂದಿ ವೇರುಳದ ಗುಹೆ ನೋಡಲು ಹೊರಟಿದ್ದರು. ದಾರಿಯಲ್ಲಿ ಕೋಟೆ. ಬಾಗಿಲ ಬಳಿ ತುಂಬಿದ ಕೊಳ. ಧೂಳು ಮೆತ್ತಿದ ಮುಖ ಕೈ ಕಾಲು ತೊಳೆದರು, ಅಷ್ಟೇ. ಕೊಳ ಮೈಲಿಗೆಯಾಯಿತು ಅಂತ ಅಲ್ಲಿಯ ಮುಸಲ್ಮಾನರು ಕೂಗಾಡುತ್ತಾ ಮುತ್ತಿಕೊಂಡರು. ಜಾತಿಯ ಕಾಯಿಲೆ ಅವರಿಗೂ ಹತ್ತಿತ್ತು. ಕೊನೆಗೆ ಕೋಟೆ ನೋಡಲು ಬಿಟ್ಟರು, ನೀರು ಮುಟ್ಟದ ಹಾಗೆ ಕಾಯಲು ಬಂದೂಕಿನ ಸಿಪಾಯಿಯನ್ನು ಜೊತೆಗೆ ಕಳಿಸಿದರು. ದೌಲತಾಬಾದ್ ಕೋಟೆಯ ಬಗ್ಗೆ ಬೇರೆಯವರು ಬರೆದದ್ದರಲ್ಲಿ ಕಂದಕದ ಆಳ, ಗೋಡೆಯ ಎತ್ತರ ಸಿಗುತ್ತದೆ. ಆ ನೀರು ಯಾರದ್ದು ಅನ್ನುವುದು ಬಾಬಾಸಾಹೇಬರ ಒಂದು ಪುಟದಲ್ಲಿ ಸಿಗುತ್ತದೆ. ಅವರು ನೋಡಿದ ಕೋಟೆಯೂ ಅದೇ ಕೋಟೆ. ಬಾಯಾರಿದ್ದವರಿಗೆ ಮಾತ್ರ ಕೊಳ ಕಂಡಿತು.

ಈ ಪತ್ರಿಕೆ ಓದುವ ಮೇಷ್ಟ್ರುಗಳಿಗೆ ಒಂದು ಮಾತು. ಪ್ರತಿ ಡಿಸೆಂಬರಿಗೆ ಶಾಲಾ ಪ್ರವಾಸ ಮುಗಿದ ಮೇಲೆ 'ನಾವು ಕೈಗೊಂಡ ಪ್ರವಾಸ' ಅಂತ ಪ್ರಬಂಧ ಬರೆಸುತ್ತೀರಿ. ಬೆಳಿಗ್ಗೆ ಆರಕ್ಕೆ ಬಸ್ಸು ಹೊರಟಿತು, ಸ್ಮಾರಕಗಳನ್ನು ನೋಡಿ ಆನಂದಿಸಿದೆವು, ರಾತ್ರಿ ಮರಳಿದೆವು. ನಲವತ್ತು ಮಕ್ಕಳೂ ಅದನ್ನೇ ಬರೆಯುತ್ತಾರೆ. ಹಣ ಕಟ್ಟಲಾಗದೆ ಪ್ರವಾಸಕ್ಕೆ ಬಾರದ ಮಗುವೂ ಅದನ್ನೇ ಉರು ಹೊಡೆದು ಬರೆಯುತ್ತದೆ. ಈ ಸಲ ಅದನ್ನು ಬಿಡಿಸಿ. ಸ್ವಂತ ಊರಿನಲ್ಲೇ ಒಂದು ದಿನ ಪ್ರವಾಸ ಮಾಡಿಸಿ. ಯಾವ ಬೀದಿಯ ಹೆಸರು ಯಾರು ಇಟ್ಟದ್ದು, ಕುಡಿಯುವ ನೀರಿನ ಟ್ಯಾಂಕು ಊರಿನಿಂದ ಎಷ್ಟು ಹೆಜ್ಜೆ, ಕೇರಿಯಿಂದ ಎಷ್ಟು ಹೆಜ್ಜೆ, ಹೋಟೆಲಿನಲ್ಲಿ ಲೋಟ ಎಷ್ಟು ಬಗೆ, ಕ್ಷೌರದಂಗಡಿಯಲ್ಲಿ ಯಾರಿಗೆ ಕುರ್ಚಿ, ಗುಡಿಯ ಮೆಟ್ಟಿಲಲ್ಲಿ ಯಾರು ಎಷ್ಟನೆಯದಕ್ಕೆ ನಿಲ್ಲುತ್ತಾರೆ, ಸತ್ತವರನ್ನು ಯಾವ ದಾರಿಯಲ್ಲಿ ಒಯ್ಯುತ್ತಾರೆ. ಲೆಕ್ಕ ಹಾಕಿ ಬರೆಯಲಿ. ಕೇರಿಯ ಹಾಡು, ಕಸುಬು, ಜಗಳ ಕೂಡ ಬರೆಯಲಿ. ಕಾಗುಣಿತ ತಪ್ಪಿದರೂ ಅಂಕ ಕೊಡಿ.

ವಿದ್ಯಾರ್ಥಿ ಗೆಳೆಯರಿಗೆ ಇನ್ನೊಂದು. ನೀವೂ ಫೋನು ಹಿಡಿದು ಊರೂರು ತಿರುಗುತ್ತೀರಿ, ಬರೆಯುತ್ತೀರಿ, ಚಿತ್ರ ಹಾಕುತ್ತೀರಿ. ಹೋಗಿ. ದುಡಿಯುವ ಜಾತಿಯ ಮಕ್ಕಳು ಕೂಲಿಗೆ ಗುಳೇ ಹೋಗುವುದನ್ನು ಬಿಟ್ಟು ಸುಮ್ಮನೆ ನೋಡಲಿಕ್ಕೆ ಅಂತ ಊರು ಬಿಡುವುದೇ ಒಂದು ಗೆಲುವು. ಹೋದ ಕಡೆ ಕಲ್ಲನ್ನೂ ನೋಡಿ, ಅದು ನಮ್ಮವರ ಬೆವರೇ. ನೋಡಿದ ಮೇಲೆ ಅಲ್ಲಿ ಕಸ ಗುಡಿಸುವವಳನ್ನು ಮಾತಾಡಿಸಿ, ಅವಳ ಮನೆ ಯಾವ ಕಡೆ ಅಂತ ಕೇಳಿ, ಅವಳು ಒಪ್ಪಿದರೆ ಆ ಕಡೆಗೂ ಹೋಗಿ ಬನ್ನಿ. ಅವಳು ಹೇಳಿದ್ದನ್ನು ಅವಳ ಮಾತಿನಲ್ಲೇ ಬರೆಯಿರಿ. ಊರಿನ ಹೆಸರನ್ನು ಊರಿನವರು ಕರೆಯುವ ಹಾಗೇ ಬರೆಯಿರಿ.

ನಮ್ಮ ಕಡೆಯಿಂದ ಕೆಲಸ ಶುರುವಾಗಿದೆ. ಹೊಸಪೇಟೆ, ಕಮಲಾಪುರ, ಆನೆಗೊಂದಿ ಸುತ್ತಿನ ಕೇರಿಗಳ ಒಂದು ನಕ್ಷೆ ಕೈಯಲ್ಲೇ ಬರೆಯುತ್ತಿದ್ದೇವೆ. ಗುಡಿಗಳಿಗೆ ಸಣ್ಣ ಚುಕ್ಕಿ, ಬಾವಿಗಳಿಗೆ ದೊಡ್ಡ ಚುಕ್ಕಿ ಹಾಕಿದ್ದೇವೆ. ಬಸ್ಸಿನವರಿಗೆ ಜಾಗ ತೋರಿಸುವ ಆ ಹುಡುಗನೂ ನಮ್ಮ ಜೊತೆ ಇದ್ದಾನೆ. ಯಾವ ಓಣಿ ಎಲ್ಲಿ ತಿರುಗುತ್ತದೆ ಅನ್ನುವುದು ಅವನಷ್ಟು ಬೇರೆ ಯಾರಿಗೂ ಗೊತ್ತಿಲ್ಲ. ನಿಮ್ಮ ಸೀಮೆಯದನ್ನು ನೀವು ಬರೆದು ಈ ಪತ್ರಿಕೆಗೆ ಕಳಿಸಿ.